ಮಣ್ಣಿಗೆ ನಾಲಿಗೆಯಿಲ್ಲ

ಫ್ರಾನ್ಸಿನ ಶಾಬ್ಲಿ ಎಂಬ ಬಿಳಿ ವೈನಿನ ಬಗ್ಗೆ ಬರೆಯುವವರೆಲ್ಲ ತಪ್ಪದೆ ಹೇಳುವ ಒಂದು ಕತೆಯಿದೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಆ ಊರಿರುವ ಜಾಗದಲ್ಲಿ ಬೆಚ್ಚನೆಯ ಕಡಲಿತ್ತು. ಆ ಕಡಲಿನಲ್ಲಿ ಅಲ್ಪವಿರಾಮದ ಆಕಾರದ ಪುಟ್ಟ ಪುಟ್ಟ ಆಯ್ಸ್ಟರುಗಳಿದ್ದವು. ಕಡಲು ಹಿಂದೆ ಸರಿಯಿತು, ಚಿಪ್ಪುಗಳು ಸುಣ್ಣ ಬೆರೆತ ಜೇಡಿಯಲ್ಲಿ ಹೂತು ಕಲ್ಲಾದವು. ಆ ಮಣ್ಣಿಗೆ ಬೇರಿಳಿಸಿದ ದ್ರಾಕ್ಷಿಬಳ್ಳಿ ಸತ್ತ ಕಡಲನ್ನು ಹೀರಿ ಹಣ್ಣಿಗೆ ತುಂಬುತ್ತದೆ. ಆದ್ದರಿಂದಲೇ ಶಾಬ್ಲಿಯಲ್ಲಿ ಉಪ್ಪಿನ, ಚಿಪ್ಪಿನ, ಒದ್ದೆ ಕಲ್ಲಿನ ರುಚಿ. ಆದ್ದರಿಂದಲೇ ಹಸಿ ಆಯ್ಸ್ಟರಿನ ಜೊತೆ ಅದಕ್ಕೆ ಜನ್ಮಾಂತರದ ನಂಟು.

ಕತೆ ಚೆನ್ನಾಗಿದೆ. ಕೊನೆಯ ಮೂರು ವಾಕ್ಯಗಳನ್ನು ಬಿಟ್ಟರೆ ನಿಜವೂ ಹೌದು. ನನ್ನ ತಕರಾರು ಆ ಮೂರು ವಾಕ್ಯಗಳ ಜೊತೆ.

ಕನ್ನಡ ಸಾಹಿತ್ಯದ ಸಂಶೋಧನಾರ್ಥಿಗೆ ವೈನಿನ ಗೊಡವೆ ಯಾಕೆ ಎಂದು ಕೇಳಬಹುದು. ಒಂದು ರೂಪಕ ಮೊದಲು ವಿಜ್ಞಾನದ ವೇಷ ಹಾಕಿ, ಆಮೇಲೆ ಕಾನೂನಿನ ವೇಷ ಹಾಕಿ, ಕೊನೆಗೆ ಬೆಲೆಯ ಚೀಟಿಯಾಗಿ ಸೀಸೆಗೆ ಅಂಟಿಕೊಳ್ಳುವುದು ಹೇಗೆ ಎಂಬುದನ್ನು ಶಾಬ್ಲಿಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ. ಅದೇ ರೂಪಕವನ್ನು ನಾವು ನಮ್ಮ ವಿಮರ್ಶೆಯಲ್ಲಿ ದಿನಬೆಳಗಾದರೆ ಬಳಸುತ್ತೇವೆ. ‘ಮಣ್ಣಿನ ಸೊಗಡು’ ಎನ್ನುತ್ತೇವೆ. ಅಲ್ಲಿಗೆ ಬರುವ ಮುಂಚೆ ಶಾಬ್ಲಿಯನ್ನು ಸರಿಯಾಗಿ ನೋಡೋಣ.

ಶಾಬ್ಲಿ ಎಂಬುದು ಊರಿನ ಹೆಸರು. ಬರ್ಗಂಡಿ ಪ್ರಾಂತ್ಯದ ಉತ್ತರದ ತುದಿಯಲ್ಲಿ, ಯೊನ್ ಜಿಲ್ಲೆಯಲ್ಲಿ, ಸೆರೆಂ ಎಂಬ ಸಣ್ಣ ನದಿಯ ದಡದಲ್ಲಿದೆ. ಪ್ಯಾರಿಸ್ಸಿನಿಂದ ಸುಮಾರು 180 ಕಿಲೋಮೀಟರು. ಅಲ್ಲಿನ ವೈನಿಗೆ ಬಳಸುವುದು ಒಂದೇ ದ್ರಾಕ್ಷಿ, ಶಾರ್ಡೊನೆ. ಹಳೆಯ ಕಾಲದಿಂದ ಊರವರು ಅದನ್ನು ‘ಬೋನ್ವಾ’ ಎನ್ನುತ್ತಿದ್ದರು, ಅಂದರೆ ದಕ್ಷಿಣದ ಬೋನ್ ಪಟ್ಟಣದ ಕಡೆಯದು ಎಂದು. ಗಮನಿಸಿ, ಊರಿನ ಹೆಮ್ಮೆಯ ದ್ರಾಕ್ಷಿಯನ್ನು ಊರಿನವರೇ ಪರಊರಿನ ಹೆಸರಿನಿಂದ ಕರೆದಿದ್ದಾರೆ. ವೈನಿನ ಶ್ರೇಣಿ ನಾಲ್ಕು: ಕೆಳಗೆ ಪೆತಿ ಶಾಬ್ಲಿ, ಅದರ ಮೇಲೆ ಶಾಬ್ಲಿ, ಆಮೇಲೆ ಪ್ರೆಮಿಯೆ ಕ್ರು, ತುತ್ತತುದಿಗೆ ಗ್ರಾಂ ಕ್ರು. ಗ್ರಾಂ ಕ್ರು ಎಂದರೆ ನದಿಯ ಬಲದಂಡೆಯ ಗುಡ್ಡದ ಇಳಿಜಾರಿನ ಏಳು ತುಂಡು ನೆಲ, ಎಲ್ಲ ಸೇರಿ ಸುಮಾರು 100 ಹೆಕ್ಟೇರು. ಚಳಿಯ ಸೀಮೆಯಾದ್ದರಿಂದ ಹಣ್ಣು ನಿಧಾನವಾಗಿ ಮಾಗುತ್ತದೆ, ಹುಳಿ ಉಳಿಯುತ್ತದೆ. ಬಹುಪಾಲು ಶಾಬ್ಲಿ ಉಕ್ಕಿನ ತೊಟ್ಟಿಗಳಲ್ಲಿ ತಯಾರಾಗುವುದರಿಂದ ಹೊಸ ಓಕ್ ಪೀಪಾಯಿಯ ವೆನಿಲಾ ವಾಸನೆ ಅದರಲ್ಲಿರುವುದಿಲ್ಲ. ಹಸಿರು ಸೇಬು, ನಿಂಬೆ, ಕಡಿಮೆ ಸಿಹಿ, ಚುರುಕು ಹುಳಿ: ಇದು ಅದರ ಗುಣ. ಇದೇ ಶಾರ್ಡೊನೆ ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಬೆಳೆದು ಹೊಸ ಪೀಪಾಯಿ ಹೊಕ್ಕರೆ ಬೆಣ್ಣೆ ಸವರಿದ ಮಾಗಿದ ಹಣ್ಣಿನಂತಾಗುತ್ತದೆ. ಹವೆ ಮತ್ತು ಮನುಷ್ಯನ ಕೈ ಮಾಡಿದ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಾಣುತ್ತದೆ. ಆದರೂ ಕೀರ್ತಿಯೆಲ್ಲ ಮಣ್ಣಿಗೆ.

ಈ ಮಣ್ಣಿಗೆ ಭೂವಿಜ್ಞಾನದಲ್ಲಿ ಕಿಮ್ಮೆರಿಜಿಯನ್ ಎಂದು ಹೆಸರು. ಶಾಬ್ಲಿಯ ಅನನ್ಯತೆಯ ಗುರುತು ಎಂದು ಹೇಳುವ ಈ ಹೆಸರು ಬಂದದ್ದು ಇಂಗ್ಲೆಂಡಿನ ಡಾರ್ಸೆಟ್ ಕಡಲ ತೀರದ ಕಿಮ್ಮೆರಿಜ್ ಎಂಬ ಹಳ್ಳಿಯಿಂದ. ಅದಿರಲಿ, ಹೆಸರಿನ ಮಾತು. ಬೇರಿನ ಮಾತಿಗೆ ಬರೋಣ. 19ನೇ ಶತಮಾನದ ಉತ್ತರಾರ್ಧದಲ್ಲಿ ಫಿಲೊಕ್ಸೆರಾ ಎಂಬ ಹೇನಿನಂಥ ಕೀಟ ಅಮೆರಿಕದಿಂದ ಬಂದು ಯುರೋಪಿನ ದ್ರಾಕ್ಷಿ ತೋಟಗಳ ಬೇರು ತಿಂದು ನಾಶ ಮಾಡಿತು. ಅದಕ್ಕೆ ಸಿಕ್ಕ ಮದ್ದು ಕಸಿ: ಆ ಕೀಟಕ್ಕೆ ಜಗ್ಗದ ಅಮೆರಿಕದ ಕಾಡುದ್ರಾಕ್ಷಿ ಜಾತಿಗಳಿಂದ ಪಡೆದ ಬೇರುಗಿಡದ ಮೇಲೆ ಫ್ರೆಂಚ್ ಬಳ್ಳಿಯ ಕಡ್ಡಿ ಕೂರಿಸುವುದು. ಇವತ್ತಿಗೂ ಶಾಬ್ಲಿಯಲ್ಲಿ ನಡೆಯುತ್ತಿರುವುದು ಅದೇ. ಅಂದರೆ ಆ ಪವಿತ್ರ ಚಿಪ್ಪುಮಣ್ಣನ್ನು ಮುಟ್ಟಿರುವ ಬೇರಿನಲ್ಲಿ ಅಮೆರಿಕದ ರಕ್ತವಿದೆ. ‘ನೆಲಕ್ಕೆ ಬೇರೂರಿದ’ ವೈನು ಎಂದು ಬಣ್ಣಿಸುವವರು ಯಾರ ಬೇರು ಎಂದು ಮಾತ್ರ ಹೇಳುವುದಿಲ್ಲ.

ಋಷಿಮೂಲ, ನದಿಮೂಲ ಕೇಳಬಾರದು ಎನ್ನುತ್ತಾರೆ. ದ್ರಾಕ್ಷಿಮೂಲವನ್ನೂ ಕೇಳದಿದ್ದರೆ ಶಾರ್ಡೊನೆಯ ಕುಲೀನತೆಗೆ ಒಳ್ಳೆಯದಿತ್ತು. 1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸಿನ ಸಂಶೋಧಕರು ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಈಶಾನ್ಯ ಫ್ರಾನ್ಸಿನ 16 ತಳಿಗಳು ಒಂದೇ ಜೋಡಿಯ ಮಕ್ಕಳು. ಅವುಗಳಲ್ಲಿ ಶಾರ್ಡೊನೆಯೂ ಒಂದು. ಜೋಡಿಯ ಒಂದು ಕಡೆ ಪಿನೊ, ಬರ್ಗಂಡಿಯ ರಾಜಮನೆತನದಂಥ ದ್ರಾಕ್ಷಿ. ಇನ್ನೊಂದು ಕಡೆ ಗುವೆ ಬ್ಲಾಂ. ಗುವೆ ಎಂದರೆ ರೈತಾಪಿ ಜನರ ಹುಳಿ ದ್ರಾಕ್ಷಿ. ಹೆಸರೇ ಹೀಯಾಳಿಕೆಯ ಪದದಿಂದ ಬಂದದ್ದು ಎನ್ನುತ್ತಾರೆ. ಕೀಳು ತಳಿ ಎಂದು ಅದನ್ನು ನೆಡದಂತೆ ಹಲವು ಕಡೆ, ಹಲವು ಸಲ ನಿಷೇಧ ಹೇರಿದ್ದರು. ಜರ್ಮನ್ ಸೀಮೆಯಲ್ಲಿ ಅದಕ್ಕೆ ‘ಹಾಯ್ನಿಶ್’ ಎಂಬ ಹೆಸರಿತ್ತು. ಒಳ್ಳೆಯ ಜಾತಿಯದು ‘ಫ್ರೆಂಕಿಶ್’, ಕೀಳು ಜಾತಿಯದು ‘ಹಾಯ್ನಿಶ್’. 2010ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಜೋಡಿಯಲ್ಲಿ ಶಾರ್ಡೊನೆಗೆ ತಾಯಿ ಯಾರು ಎಂದು ತೋರಿಸಿದರು. ನಿಷೇಧಿತ ಗುವೆಯೇ ತಾಯಿ.

ಇದನ್ನು ಓದಿದ ಕನ್ನಡದ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಮಗುವಿಗೆ ಮೆರವಣಿಗೆ, ತಾಯಿಗೆ ಊರಾಚೆ: ಈ ಕತೆ ನಮಗೆ ಗೊತ್ತಿದೆ. ಇಲ್ಲಿ ನನಗೆ ಮುಖ್ಯವಾದದ್ದು ಇಷ್ಟು. ಎಲ್ಲಿಂದಲೋ ಬಂದ ತಾಯಿ, ಕಸಿಯ ಬೇರು, ಪರಊರಿನ ಹೆಸರು, ಇಂಗ್ಲಿಷ್ ಹಳ್ಳಿಯ ಹೆಸರು ಹೊತ್ತ ಕಲ್ಲು. ಇಷ್ಟೆಲ್ಲ ಬೆರಕೆಯಿಂದ ಆದ ಪಾನೀಯವನ್ನು ‘ಒಂದೇ ನೆಲದ ಶುದ್ಧ ಅಭಿವ್ಯಕ್ತಿ’ ಎಂದು ಕರೆಯಬೇಕಾದರೆ ಎಷ್ಟೊಂದನ್ನು ಮರೆಯಬೇಕು!

ಹಾಗಾದರೆ ಆ ಕಲ್ಲಿನ ರುಚಿ? ಅಬೆರಿಸ್ಟ್‌ವಿತ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಈ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ಬರೆದಿದ್ದಾರೆ. 2018ರಲ್ಲಿ ಅವರ ಪುಸ್ತಕವೂ ಬಂತು. ಅವರ ವಾದ ಸರಳ. ಬಂಡೆಯಲ್ಲಿರುವ ಖನಿಜ ಬೇರೆ, ಗಿಡಕ್ಕೆ ಪೋಷಕವಾಗುವ ಖನಿಜ ಬೇರೆ; ಎರಡಕ್ಕೂ ಒಂದೇ ಪದ ಬಳಸುವುದರಿಂದ ಗೊಂದಲ. ಬಂಡೆಯ ಖನಿಜಗಳು ಬಹುಪಾಲು ನೀರಿನಲ್ಲಿ ಕರಗವು. ಕರಗದ್ದಕ್ಕೆ ರುಚಿಯಿಲ್ಲ, ಆವಿಯಾಗದ್ದಕ್ಕೆ ವಾಸನೆಯಿಲ್ಲ. ಗಿಡ ತನಗೆ ಬೇಕಾದ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಆರಿಸಿ ಹೀರಿಕೊಳ್ಳುತ್ತದೆ. ಅವು ವೈನಿನಲ್ಲಿ ಉಳಿಯುವ ಪ್ರಮಾಣ ನಾಲಿಗೆಗೆ ತಿಳಿಯುವುದಕ್ಕಿಂತ ತೀರಾ ಕಡಿಮೆ. ಇನ್ನು ಶಾಬ್ಲಿಯ ಬಣ್ಣನೆಯಲ್ಲಿ ಬರುವ ‘ಚಕಮಕಿ ಕಲ್ಲಿನ’ ವಾಸನೆ. ಅಂಥ ವಾಸನೆಯ ಹಿಂದಿರುವವು ಹುದುಗುವಾಗ ಹುಟ್ಟುವ ಕೆಲವು ಗಂಧಕದ ಸಂಯುಕ್ತಗಳು. ಅದು ಯೀಸ್ಟಿನ ಕೆಲಸ. ಮಣ್ಣಿಗೆ ಕೆಲಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನೀರು ಎಷ್ಟು ಬಸಿಯುತ್ತದೆ, ಎಷ್ಟು ನಿಲ್ಲುತ್ತದೆ, ಇಳಿಜಾರು ಎಷ್ಟು ಬಿಸಿಲು ಹಿಡಿಯುತ್ತದೆ ಎಂಬುದೆಲ್ಲ ಹಣ್ಣಿನ ಮೇಲೆ ಪರಿಣಾಮ ಬೀರುತ್ತದೆ. ಗ್ರಾಂ ಕ್ರು ಗುಡ್ಡ ನೈರುತ್ಯಕ್ಕೆ ಮುಖ ಮಾಡಿರುವುದು ಸಣ್ಣ ವಿಷಯವಲ್ಲ. ಆದರೆ ನೆಲ ಹಣ್ಣು ಮಾಗಲು ನೆರವಾಗುತ್ತದೆ ಎನ್ನುವುದಕ್ಕೂ, ಲೋಟದಲ್ಲಿ ಚಿಪ್ಪಿನ ರುಚಿಯಿದೆ ಎನ್ನುವುದಕ್ಕೂ ಅಜಗಜಾಂತರವಿದೆ.

‘ಖನಿಜತೆ’ ಎಂಬ ಪದ ಪುರಾತನವೂ ಅಲ್ಲ. 1984ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆ್ಯನ್ ನೋಬಲ್ ವೈನಿನ ವಾಸನೆಗಳನ್ನೆಲ್ಲ ಒಂದು ಚಕ್ರದ ಆಕಾರದಲ್ಲಿ ಪಟ್ಟಿ ಮಾಡಿದರು. ಅದರಲ್ಲಿ ಹೂವುಗಳಿವೆ, ಹಣ್ಣುಗಳಿವೆ, ಖನಿಜತೆ ಇಲ್ಲ. ಅಂದರೆ ಕೋಟಿ ವರ್ಷಗಳ ಕಡಲಿನ ರುಚಿ ಪರಿಣತರ ನಾಲಿಗೆಗೆ ತಿಳಿದದ್ದು ಮೊನ್ನೆ ಮೊನ್ನೆ! ಪದ ಮೊದಲು ಬಂತು, ರುಚಿ ಆಮೇಲೆ ಬಂತು. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಪದಗಳು ಅನುಭವವನ್ನು ಹುಟ್ಟಿಸಬಲ್ಲವು ಎಂದೇ ನಾವು ಓದಿದ್ದೇವೆ. ರೂಪಕವಾಗಿ ‘ಒದ್ದೆ ಕಲ್ಲು’ ಎಂದರೆ ನನ್ನ ಆಕ್ಷೇಪವಿಲ್ಲ, ಅದು ಒಳ್ಳೆಯ ರೂಪಕವೇ. ಅದನ್ನೇ ಕಾರಣ ಎಂದು ಹೇಳಿದಾಗ ಮಾತ್ರ ಆಕ್ಷೇಪ.

ಈಗ ಆಯ್ಸ್ಟರಿನ ವಿಷಯ. ಶಾಬ್ಲಿ ಮತ್ತು ಆಯ್ಸ್ಟರ್ ಒಂದಕ್ಕೊಂದು ಹೊಂದುತ್ತವೆಯೇ? ಹೊಂದುತ್ತವೆ. ಹುರಿದ ಮೀನಿನ ಮೇಲೆ ನಿಂಬೆ ಹಿಂಡಿದರೆ ಹೊಂದುವಂತೆ. ವೈನಿನ ಹುಳಿ ಚಿಪ್ಪಿನ ಮಾಂಸದ ಮಂದ ರುಚಿಯನ್ನು ಸೀಳುತ್ತದೆ. ಚಿಪ್ಪಿನ ಉಪ್ಪು ವೈನಿನ ಹುಳಿಯನ್ನು ಮೆತ್ತಗೆ ಮಾಡುತ್ತದೆ. ಒಗರಾಗಲೀ ಓಕಿನ ಘಾಟಾಗಲೀ ಅಡ್ಡ ಬರುವುದಿಲ್ಲ. 2009ರಲ್ಲಿ ಜಪಾನಿನ ಸಂಶೋಧಕರು ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಜೊತೆ ಹತ್ತಾರು ವೈನುಗಳನ್ನು ಪರೀಕ್ಷಿಸಿದರು. ವೈನಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದಷ್ಟೂ ಬಾಯಲ್ಲಿ ಅಸಹ್ಯ ಮೀನುವಾಸನೆ ಉಳಿಯುತ್ತದೆ ಎಂದು ಕಂಡುಕೊಂಡರು. ಈ ವಿಪರ್ಯಾಸ ನೋಡಿ: ಕಡಲೂಟದ ಜೊತೆ ವೈನಿನ ಖನಿಜವೊಂದು ನಿಜಕ್ಕೂ ಕೆಲಸ ಮಾಡುತ್ತದೆ ಎಂದು ಈ ಪರೀಕ್ಷೆ ತೋರಿಸಿತು, ಅದು ಮಾಡುವ ಕೆಲಸ ಊಟ ಕೆಡಿಸುವುದು.

ಹಾಗಾದರೆ ಆ ಜೋಡಿ ಹುಟ್ಟಿದ್ದು ಎಲ್ಲಿ? ಮಣ್ಣಿನಲ್ಲಲ್ಲ, ಮಾರುಕಟ್ಟೆಯಲ್ಲಿ. ಶಾಬ್ಲಿಯಿಂದ ಕಡಲು ದೂರ, ಪ್ಯಾರಿಸ್ ಹತ್ತಿರ. ಪೀಪಾಯಿಗಳು ಗಾಡಿಯಲ್ಲಿ ಓಸೆರ್ ಬಂದರಿಗೆ ಬಂದು, ಅಲ್ಲಿಂದ ಯೊನ್ ನದಿಯ ಮೇಲೆ ದೋಣಿಯೇರಿ, ಸೇನ್ ನದಿ ಸೇರಿ ಪ್ಯಾರಿಸ್ ಮುಟ್ಟುತ್ತಿದ್ದವು. ಉತ್ತರದ ಕರಾವಳಿಯಿಂದ ಆಯ್ಸ್ಟರುಗಳು ಅದೇ ಪ್ಯಾರಿಸ್ಸಿನ ಮೊಂತೊರ್ಗೆಯ್ ಬೀದಿಗೆ ಬರುತ್ತಿದ್ದವು. ಆ ಬೀದಿಯ ‘ರೋಷೆ ದ ಕಾಂಕಾಲ್’ ಎಂಬ ಭೋಜನಾಲಯ ಬಾಲ್ಜಾಕನ ಕಾದಂಬರಿಗಳಲ್ಲೂ ಬರುತ್ತದೆ. ಒಂದೇ ಪೇಟೆಗೆ ಎರಡು ದಾರಿಯಿಂದ ಬಂದ ಎರಡು ಸರಕು ಒಂದೇ ಮೇಜಿನ ಮೇಲೆ ಕೂಡಿದವು. ಅಲ್ಲಿಂದ ಅದು ದೊಡ್ಡವರ ಊಟದ ಗುರುತಾಯಿತು. ಟಾಲ್‌ಸ್ಟಾಯ್ ‘ಅನ್ನಾ ಕರೆನಿನಾ’ ಪ್ರಕಟಿಸಲು ಶುರು ಮಾಡಿದ್ದು 1875ರಲ್ಲಿ. ಅದರ ಮೊದಲ ಭಾಗದಲ್ಲಿ ಮಾಸ್ಕೋದ ದುಬಾರಿ ಭೋಜನಾಲಯವೊಂದರಲ್ಲಿ ಒಬ್ಲಾನ್‌ಸ್ಕಿ ತನ್ನ ಗೆಳೆಯ ಲೆವಿನ್‌ಗೆ ಆಯ್ಸ್ಟರು ತರಿಸುತ್ತಾನೆ, ಜೊತೆಗೆ ಶಾಬ್ಲಿ. ಆಯ್ಸ್ಟರು ಫ್ಲೆನ್ಸ್‌ಬರ್ಗಿನದು, ವೈನು ಫ್ರಾನ್ಸಿನದು, ತಿನ್ನುವವರು ರಷ್ಯಾದವರು. ಹಳ್ಳಿಯಿಂದ ಬಂದ ಲೆವಿನ್‌ಗೆ ಎಲೆಕೋಸಿನ ಸಾರು, ಗಂಜಿ ಸಿಕ್ಕಿದ್ದರೆ ಸಾಕಿತ್ತು. ಮಣ್ಣಿನ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಂಡ ಮನುಷ್ಯ ಆ ಮೇಜಿನಲ್ಲಿ ಅವನೊಬ್ಬನೇ ಎಂಬುದನ್ನು ನೆನಪಿಡಿ.

ಶಾಬ್ಲಿಯ ಊರಿನವರು ಅದರ ಜೊತೆ ಏನು ತಿನ್ನುತ್ತಾರೆ ಎಂದು ‘ಕಡಲಿನ ಸ್ಮೃತಿ’ಯ ಬರಹಗಾರರು ಅಷ್ಟಾಗಿ ಹೇಳುವುದಿಲ್ಲ. ಅಲ್ಲಿನ ಹೆಸರುವಾಸಿ ತಿನಿಸು ಆಂದುಯೆತ್. ಹಂದಿಯ ಕರುಳು, ಜಠರಗಳನ್ನು ಸೀಳಿ ತುಂಬಿ ಮಾಡಿದ ಸಾಸೇಜು. ವಾಸನೆ ಬಲು ಜೋರು. ನಮ್ಮ ಬೋಟಿ ಗೊಜ್ಜು ಬಲ್ಲವರಿಗೆ ಅದು ಅರ್ಥವಾಗುತ್ತದೆ. ಜೊತೆಗೆ ಶಾಬ್ಲಿ ವೈನು, ಟೊಮೆಟೊ, ಕೆನೆ ಹಾಕಿದ ಗೊಜ್ಜಿನಲ್ಲಿ ಹಂದಿಯ ತೊಡೆಮಾಂಸ, ಗೂಜೇರ್ ಎಂಬ ಚೀಸ್ ಉಂಡೆ, ಬಸವನಹುಳು, ನೆರೆಯ ಜಿಲ್ಲೆಯ ಶಾವುರ್ಸ್ ಎಂಬ ಮೆತ್ತನೆಯ ಚೀಸ್. ಇವೆಲ್ಲದರ ಜೊತೆಗೂ ಆ ವೈನು ಸೊಗಸಾಗಿ ಹೊಂದುತ್ತದೆ. ಜಿಡ್ಡಿಗೆ ಹುಳಿ ಬೇಕು, ಅಷ್ಟೇ ಗುಟ್ಟು. ಆದರೆ ಹಂದಿಯ ಕರುಳಿನ ಬಗ್ಗೆ 15 ಕೋಟಿ ವರ್ಷದ ಕಾವ್ಯ ಹೊಸೆಯಲು ಬರುವುದಿಲ್ಲ. ಆದ್ದರಿಂದ ನೆಲದ ಹೆಸರಿನಲ್ಲಿ ಕತೆ ಹೇಳುವವರು ನೆಲದ ಮೇಲೆ ಬದುಕುವವರ ತಟ್ಟೆಯನ್ನೇ ಕತೆಯಿಂದ ಎತ್ತಿಡುತ್ತಾರೆ.

ಇದರಿಂದ ಯಾರಿಗೆ ಲಾಭ? 1938ರಲ್ಲಿ ಫ್ರಾನ್ಸ್ ಸರ್ಕಾರ ಶಾಬ್ಲಿ ಎಂಬ ಹೆಸರಿಗೆ ಕಾನೂನಿನ ಗಡಿ ಹಾಕಿದಾಗ ಕಿಮ್ಮೆರಿಜಿಯನ್ ಮಣ್ಣೇ ಮುಖ್ಯ ಅಳತೆಯಾಯಿತು. ಗಡಿಯೊಳಗಿನ ತುಂಡು ನೆಲಕ್ಕೆ ಒಂದು ಬೆಲೆ, ಹೊರಗಿನದಕ್ಕೆ ಇನ್ನೊಂದು. ಕೀಟ, ರೋಗ, ಹಿಮ, ಯುದ್ಧಗಳಿಂದ ಸೊರಗಿ 1950ರ ದಶಕದ ಹೊತ್ತಿಗೆ ಸುಮಾರು 500 ಹೆಕ್ಟೇರಿಗೆ ಇಳಿದಿದ್ದ ತೋಟ, ಬೇಡಿಕೆ ಏರಿದಾಗ ಹಿಗ್ಗತೊಡಗಿತು. ಆಗ ಊರಿನಲ್ಲಿ ಜಗಳ ಶುರು. ವಿಲಿಯಂ ಫೆವ್ರ್ ಅವರ ಬಣ ಕಿಮ್ಮೆರಿಜಿಯನ್ ಇಲ್ಲದೆ ಶಾಬ್ಲಿ ಇಲ್ಲ ಎಂದಿತು. ಜಾಂ ಡ್ಯುರುಪ್ ಅವರ ಬಣ ಇಳಿಜಾರು, ಹವೆಯೇ ಮುಖ್ಯ ಎಂದಿತು. 1970ರ ದಶಕದಲ್ಲಿ ಅಧಿಕಾರಿಗಳು ಎರಡನೆಯ ಬಣದ ಕಡೆ ವಾಲಿದರು. ಇವತ್ತು ಶಾಬ್ಲಿಯ ತೋಟ 5,000 ಹೆಕ್ಟೇರಿಗೂ ಹೆಚ್ಚು. ಕೋಟಿ ವರ್ಷಗಳ ಭೂಮಿಯ ತೀರ್ಪು ಒಂದು ಸಮಿತಿಯ ಸಭೆಯಲ್ಲಿ ಬದಲಾಯಿತು! ಬದಲಾದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಯಾವತ್ತೂ ಮನುಷ್ಯರ ತೀರ್ಪೇ ಆಗಿತ್ತು ಎನ್ನುತ್ತಿದ್ದೇನೆ.

ಇದಕ್ಕೆ ಬರುವ ಗಟ್ಟಿ ಉತ್ತರವೊಂದಿದೆ, ಅದನ್ನು ಮರೆಮಾಚಬಾರದು. ಅಮೆರಿಕದಲ್ಲಿ ದಶಕಗಟ್ಟಲೆ ಯಾವ್ಯಾವುದೋ ದ್ರಾಕ್ಷಿಯ ಅಗ್ಗದ ವೈನನ್ನು ‘ಶಾಬ್ಲಿ’ ಎಂದು ಮಾರಿದರು. ಗುಲಾಬಿ ಬಣ್ಣದ ‘ಶಾಬ್ಲಿ’ಯೂ ಇತ್ತು. ಮಣ್ಣಿನ ಕತೆ ಇಲ್ಲದಿದ್ದರೆ ಸಣ್ಣ ರೈತನ ಹೆಸರನ್ನು ಕಾಪಾಡುವುದು ಹೇಗೆ ಎಂದು ಕೇಳುತ್ತಾರೆ. ಕಾಪಾಡಲೇಬೇಕು. ಆದರೆ ಅದಕ್ಕೆ ಸುಳ್ಳು ವಿಜ್ಞಾನ ಬೇಕಿಲ್ಲ. ಆ ಹೆಸರು ತಲೆಮಾರುಗಳ ದುಡಿಮೆಯಿಂದ ಕಟ್ಟಿದ್ದು, ಆದ್ದರಿಂದ ದುಡಿದವರದು ಎಂದರೆ ಸಾಕು. ಅದು ಹೆಚ್ಚು ನ್ಯಾಯವಾದ ವಾದವೂ ಹೌದು. 1923ರಲ್ಲಿ ಅಲ್ಲಿನ ರೈತರು ‘ಲಾ ಶಾಬ್ಲಿಸಿಯೆನ್’ ಎಂಬ ಸಹಕಾರ ಸಂಘ ಕಟ್ಟಿದರು. ಇವತ್ತು ಆ ಸೀಮೆಯ ಸುಮಾರು ಕಾಲು ಭಾಗ ವೈನು ಅಲ್ಲಿಂದಲೇ ಬರುತ್ತದೆ. ಸಂಘ ಕಟ್ಟಿದ್ದು ಚಿಪ್ಪುಗಳಲ್ಲ.

ಏಪ್ರಿಲ್ ತಿಂಗಳಲ್ಲಿ ಚಿಗುರು ಒಡೆಯುವ ಹೊತ್ತಿಗೆ ಶಾಬ್ಲಿಯಲ್ಲಿ ಹಿಮ ಬೀಳುವ ಭಯ. 2021ರ ಏಪ್ರಿಲ್ಲಿನಲ್ಲಿ ಫ್ರಾನ್ಸಿನ ಉದ್ದಗಲಕ್ಕೂ ಅಂಥ ಹಿಮ ಬಿತ್ತು. ಅಂಥ ರಾತ್ರಿಗಳಲ್ಲಿ ಜನ ತೋಟದ ಸಾಲುಗಳ ನಡುವೆ ನೂರಾರು ಮೇಣದ ಡಬ್ಬಿಗಳನ್ನು ಹಚ್ಚುತ್ತಾರೆ. ಕೆಲವು ಕಡೆ ಚಿಗುರಿನ ಮೇಲೆ ನೀರು ಚಿಮುಕಿಸಿ, ಮಂಜುಗಡ್ಡೆಯ ಕವಚ ಕಟ್ಟಿ, ಒಳಗಿನ ಮೊಗ್ಗನ್ನು ಉಳಿಸುತ್ತಾರೆ; ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖವೇ ಮೊಗ್ಗಿಗೆ ಆಸರೆ. ನಡುವೆ ನೀರು ನಿಂತರೆ ಬೆಳೆ ಹೋಯಿತು. ಒಂದು ಸೀಸೆ ಶಾಬ್ಲಿ ಇದೆ ಎಂದರೆ ಆ ರಾತ್ರಿ ಯಾರೋ ಮಲಗಲಿಲ್ಲ ಎಂದು ಅರ್ಥ. ಸೀಸೆಯ ಹಿಂಬದಿಯ ಚೀಟಿಯಲ್ಲಿ ಪುರಾತನ ಕಡಲಿಗೆ ಜಾಗವಿದೆ, ಆ ರಾತ್ರಿಗೆ ಇಲ್ಲ.

ಈಗ ನಮ್ಮ ಮನೆಗೆ ಬರೋಣ. ನಮ್ಮ ಮುನ್ನುಡಿ, ಬೆನ್ನುಡಿ, ವಿಮರ್ಶೆಗಳಲ್ಲಿ ಯಾರಿಗೆ ‘ಮಣ್ಣಿನ ಸೊಗಡು’ ಸಿಗುತ್ತದೆ, ಯಾರಿಗೆ ‘ಕುಶಲತೆ’, ‘ತಂತ್ರ’, ‘ವಿನ್ಯಾಸ’ ಸಿಗುತ್ತವೆ ಎಂದು ಎಣಿಸಿ ನೋಡಿ. ನಗರದಲ್ಲಿ ಓದಿ ಬರೆದವರು ಕತೆಯನ್ನು ‘ಕಟ್ಟುತ್ತಾರೆ’. ಹಳ್ಳಿಯ, ಅದರಲ್ಲೂ ದಲಿತ ಮತ್ತು ಹಿಂದುಳಿದ ಸಮುದಾಯಗಳ ಲೇಖಕರಲ್ಲಿ ಅದು ‘ಸಹಜವಾಗಿ ಚಿಮ್ಮುತ್ತದೆ’. ಒಂದು ಸೆಮಿನಾರಿನಲ್ಲಿ ನನ್ನ ಗೆಳತಿಯೊಬ್ಬಳು ನಾಲ್ಕು ವರ್ಷ ತಿದ್ದಿ ಬರೆದ ಕವಿತೆಗಳನ್ನು ಓದಿದಾಗ ಹಿರಿಯರೊಬ್ಬರು ‘ಎಂಥ ಮಣ್ಣಿನ ವಾಸನೆ’ ಎಂದು ಮೆಚ್ಚಿದರು. ಅವಳ ಸಾಲುಗಳ ಬಗ್ಗೆ, ಲಯದ ಬಗ್ಗೆ ಒಂದು ಮಾತಿಲ್ಲ. ಹೊಗಳಿಕೆಯೇ, ಸಂಶಯವಿಲ್ಲ. ಆದರೆ ಹೊಗಳಿದ್ದು ಯಾರನ್ನು?

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಪ್ರಕಟವಾದದ್ದು 1984ರಲ್ಲಿ. ಅದರ ಭಾಷೆ ನಂಜನಗೂಡು ಸೀಮೆಯ ಆಡುಮಾತು, ನಿಜ. ಆ ಮಾತನ್ನಾಡುವವರು ಲಕ್ಷಾಂತರ ಮಂದಿ ಇದ್ದಾರೆ. ‘ಕುಸುಮಬಾಲೆ’ ಇರುವುದು ಒಂದೇ. ಎಲ್. ಬಸವರಾಜು ಅಂಥ ವಿದ್ವಾಂಸರು ಆ ಗದ್ಯವನ್ನು ಪದ್ಯದ ಸಾಲುಗಳಾಗಿ ಬಿಡಿಸಿ ಸಂಪಾದಿಸಿದರು ಎಂದರೆ ಅದರಲ್ಲಿ ಎಷ್ಟು ಲೆಕ್ಕಾಚಾರದ ಲಯವಿದೆ ಎಂದು ಊಹಿಸಿ. ಅದನ್ನು ಮಣ್ಣಿನ ಸೊಗಡು ಎಂದು ಕರೆದು ಮುಗಿಸಿದರೆ ಲೇಖಕನನ್ನು ಬಳ್ಳಿ ಮಾಡಿದಂತೆ. ಬಳ್ಳಿಗೆ ಆಯ್ಕೆಯಿಲ್ಲ, ಅಭ್ಯಾಸವಿಲ್ಲ, ಹೊಡೆದು ಹಾಕಿದ ಹಾಳೆಗಳಿಲ್ಲ. ಇನ್ನೂ ಒಂದು ಅಪಾಯವಿದೆ. ಮಣ್ಣಿನಿಂದ ಬಂದದ್ದೇ ನಿಜವೆಂದಾದರೆ ನಾಳೆ ಆ ಲೇಖಕ ಬೇರೆ ನೆಲದ ಬಗ್ಗೆ, ಬೇರೆ ಬದುಕಿನ ಬಗ್ಗೆ ಬರೆದಾಗ ‘ಸೊಗಡು ಹೋಯಿತು’ ಎಂದು ಗಡಿ ಎಳೆಯುತ್ತೇವೆ. ಶಾಬ್ಲಿಯಲ್ಲಿ ಸಮಿತಿ ಗಡಿ ಎಳೆದ ಹಾಗೆ, ನಮ್ಮಲ್ಲಿ ವಿಮರ್ಶಕ.

ಸೊಗಡು ಎಂಬ ಮಾತು ನಮ್ಮ ಸೀಮೆಯಲ್ಲಿ ಅವರೆಕಾಯಿಗೆ ಸೇರಿದ್ದು. ಚಳಿಗಾಲದ ಸಂತೆಯಲ್ಲಿ ಹೆಂಗಸರು ಕಾಯನ್ನು ಕೈಗೆ ಉಜ್ಜಿ ಮೂಸಿ ನೋಡಿ ಕೊಳ್ಳುತ್ತಾರೆ. ಆ ಘಮಲು ಕಾಯಿಯ ಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಟಿನದು. ಗಿಡ ತಾನೇ ತಯಾರಿಸಿದ್ದು. ಸಂತೆಯ ಹೆಂಗಸರು ಮೂಸುವುದು ಕಾಯನ್ನು, ಹೊಲವನ್ನಲ್ಲ. ವಿಮರ್ಶೆಯೂ ಇಷ್ಟು ಮಾಡಿದರೆ ಸಾಕು: ಪುಸ್ತಕವನ್ನು ಕೈಗೆತ್ತಿಕೊಂಡು ಅದರ ವಾಕ್ಯಗಳನ್ನು ಓದಲಿ, ಬರೆದವರು ಅಲ್ಲಿ ಏನು ಮಾಡಿದ್ದಾರೆ ಎಂದು ಹೇಳಲಿ. ಅವರ ಊರಿನ ಮಣ್ಣಿನ ಪರೀಕ್ಷೆಗೆ ಕೃಷಿ ಇಲಾಖೆ ಇದೆ.